ನನ್ನ ಕೈಲಿದೆ

ಫೆನ್ನಾಳ ಅಪ್ಪನ ಅಂತ್ಯಸಂಸ್ಕಾರದ ದಿನ ಅವನು ಅವಳ ಕೈ ಕುಲುಕಲಿಲ್ಲ!

ಚರ್ಚಿನ ಬಾಗಿಲಲ್ಲಿ ಸಾಲುಗಟ್ಟಿ ಬಂದವರೆಲ್ಲ ಅವಳ ಕೈ ಹಿಡಿದು, "ನಿಮ್ಮಪ್ಪ ಗೆರಿಟ್ ಒಳ್ಳೇ ಮನುಷ್ಯ ಕಣಮ್ಮಾ" ಎಂದು ಮುಂದೆ ಹೋಗುತ್ತಿದ್ದರು. ಹೊರಗೆ ಮೇ ತಿಂಗಳ ಗಾಳಿ ಹೆಂಗಸರ ಟೋಪಿಗಳನ್ನು ಹಾರಿಸುತ್ತಿತ್ತು. ಆಗ ಅವನ ಸರದಿ ಬಂತು. ನೀಳ ಆಳು, ಬಿಸಿಲಿಗೆ ಕಂದಿದ ಮುಖ, ಮೂವತ್ತೆಂಟರ ಆಸುಪಾಸು. ಫೆನ್ನಾ ಕೈ ಚಾಚಿದಳು.

ಅವನು ತನ್ನ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇನ್ನೂ ಆಳಕ್ಕೆ ತೂರಿಸಿದ.

"ನಾನು ಗ್ಲೆನ್ ನಿಶಿಮುರಾ. ನಿಮ್ಮಪ್ಪನ ಜೊತೆ ವಿಮಾನ ಹಾರಿಸ್ತಿದ್ದೆ. ಅವರು ಒಂದು ಚೀಟಿ ಬರೆದಿಟ್ಟಿದ್ದಾರೆ. ನಮ್ಮ ಕ್ಲಬ್ಬಿನ ಬರ್ನಿಸ್ ಹತ್ರ ಇದೆ, ಇಸ್ಕೊಳ್ಳಿ."

ಅಷ್ಟು ಹೇಳಿ ಹೊರಟೇ ಹೋದ. ಚಾಚಿದ ಕೈ ಹಾಗೇ ಉಳಿಯಿತು.

'ಎಷ್ಟು ಸೊಕ್ಕು! ಸತ್ತವರ ಮನೆಯವರ ಕೈ ಮುಟ್ಟಿದರೆ ಇವನ ಗಂಟೇನು ಹೋಗುತ್ತಿತ್ತು?'

ಫೆನ್ನಾಳ ಕಣ್ಣು ಉರಿಯಿತು. ಅಲ್ಲಿಯವರೆಗೆ ಬಾರದ ಅಳು ಆ ಸಿಟ್ಟಿನಲ್ಲಿ ಬಂತು.

ಚೀಟಿಯಲ್ಲಿ ಇದ್ದದ್ದು ನಾಲ್ಕೇ ಸಾಲು. ಅಪ್ಪನ ಮಾತೇ ಅಷ್ಟು, ಬರಹ ಇನ್ನೆಷ್ಟು ಇದ್ದೀತು!

"ನನ್ನ ಬೂದೀನ ನನ್ನ ಹಳದಿ ವಿಮಾನದಿಂದ ಮೈದಾನದ ಮೇಲೆ ಬಿಡಬೇಕು. ಹಾರಿಸೋಳು ಫೆನ್ನಾ, ಬೇರೆ ಯಾರೂ ಅಲ್ಲ. ಗಾಳಿ ಇರೋ ದಿನವೇ ಆಗಬೇಕು. ಕಲಿಸೋನು ಗ್ಲೆನ್."

ಮೂರು ಸಲ ಓದಿದಳು. ಹದಿನೇಳು ವರ್ಷದ ಹಿಂದಿನ ಗಾಯ ಒಂದೇ ಏಟಿಗೆ ಬಿಚ್ಚಿಕೊಂಡಿತು.

ಹಳದಿ ವಿಮಾನವೆಂದರೆ ಜನ ಕೂರುವಂಥದ್ದಲ್ಲ. ಮೂರೂವರೆ ಮೊಳದ ರೆಕ್ಕೆ, ಮುಂದೊಂದು ಪಂಕ. ನೆಲದಲ್ಲಿ ನಿಂತು ರಿಮೋಟಿನಿಂದ ಹಾರಿಸುವುದು. ಆಟದ ಸಾಮಾನು ಎಂದರೆ ಮಾತ್ರ ಬರ್ನಿಸ್ ಜಗಳಕ್ಕೆ ಬರುತ್ತಾಳೆ. ಅವಳು ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ಈಗ ಇಂಥ ವಿಮಾನ ಹಾರಿಸುವವರ ಕ್ಲಬ್ಬಿನ ಅಧ್ಯಕ್ಷೆಯಾಗಿರುವ ಮುದುಕಿ.

ಫೆನ್ನಾಗೆ ಹದಿನಾರು ತುಂಬಿದ ವರ್ಷ ಅಪ್ಪ ಮೊದಲ ಸಲ ಅವಳ ಕೈಗೆ ರಿಮೋಟ್ ಕೊಟ್ಟಿದ್ದ. ಒಂದು ಬೀಸುಗಾಳಿಗೆ ವಿಮಾನ ಓಲಾಡಿತು. ಅಷ್ಟಕ್ಕೇ ಅಪ್ಪ ಎಲ್ಲರೆದುರು ಅದನ್ನು ಕಿತ್ತುಕೊಂಡ.

"ಬಿಡು! ನಿನ್ನ ಕೈಲಾಗಲ್ಲ!"

ಅದೇ ಕೊನೆ. ಅವಳು ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಹದಿನೆಂಟಕ್ಕೆ ದೂರದ ವಿನಿಪೆಗ್ ನಗರ ಸೇರಿದಳು, ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾದಳು. ಹಬ್ಬಕ್ಕೊಂದು ಫೋನು, ಎರಡು ವರ್ಷಕ್ಕೊಂದು ಭೇಟಿ. ಅಪ್ಪನೂ ಹಠಮಾರಿ, ಮಗಳೂ ಹಠಮಾರಿ. ಸೋತವರು ಇಬ್ಬರೂ.

'ಕೈಲಾಗಲ್ಲ ಅಂದವನು ಈಗ ನನ್ನ ಕೈಗೇ ಯಾಕೆ ಕೊಟ್ಟೆ ಅಪ್ಪಾ?'

ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ಸುಗ್ಗಿಹಬ್ಬದ ಶನಿವಾರ ಕ್ಲಬ್ಬಿನ ವರ್ಷದ ಕೊನೆಯ ಹಾರಾಟ, ಬೂದಿ ಬಿಡುವುದು ಅಂದೇ. ಅಲ್ಲಿಯವರೆಗೆ ರಜೆ ಹಾಕಿ ಅಪ್ಪನ ಮನೆಯಲ್ಲೇ ಉಳಿದಳು. ಅಷ್ಟರಲ್ಲಿ ಕಲಿಯದಿದ್ದರೆ ಬೇರೆ ಯಾರೋ ಹಾರಿಸುತ್ತಾರೆ. ಅಪ್ಪ ಅಂದದ್ದೇ ನಿಜವಾಗುತ್ತದೆ.

*

ಅಪ್ಪನ ಊರಾದ ಲೆತ್‌ಬ್ರಿಡ್ಜ್ ಕಡೆಯ ಗಾಳಿಯ ಬಗ್ಗೆ ಬರ್ನಿಸ್ ಒಂದು ಮಾತು ಹೇಳುತ್ತಾಳೆ.

"ಇಲ್ಲಿ ಒಂದು ದಿನ ಗಾಳಿ ನಿಂತಿತ್ತಂತೆ. ಒರಗಿಕೊಂಡು ನಿಂತಿದ್ದ ಕೋಳಿಗಳೆಲ್ಲ ದಬಕ್ಕನೆ ಬಿದ್ವಂತೆ!"

ಜೂನ್ ಮೊದಲ ವಾರ ಫೆನ್ನಾ ಮೈದಾನಕ್ಕೆ ಬಂದಾಗಲೂ ಬಾರ್ಲಿ ಹೊಲದಂಚಿನಲ್ಲಿ ಗಾಳಿಯ ದಿಕ್ಕು ತೋರುವ ಬಟ್ಟೆಯ ಗಾಳಿಚೀಲ ಕೋಲಿನ ಹಾಗೆ ಅಡ್ಡಕ್ಕೆ ಚಾಚಿ ನಿಂತಿತ್ತು.

ಗ್ಲೆನ್ ಎರಡು ರಿಮೋಟ್‌ಗಳನ್ನು ಮೇಜಿನ ಮೇಲಿಟ್ಟಿದ್ದ. ಎರಡೂ ಒಂದೇ ಥರ, ಅಪ್ಪನವು. ಒಂದಕ್ಕೆ ಮಾತ್ರ ಕೆಂಪು ಟೇಪು. ನಡುವೆ ಉದ್ದದೊಂದು ವೈರು.

"ಕೆಂಪು ಟೇಪಿನದು ಗುರುವಿಂದು. ನಾನು ಈ ಗುಂಡಿ ಒತ್ತಿ ಹಿಡಿದಿರೋವರೆಗೂ ವಿಮಾನ ನಿಮ್ಮ ಮಾತು ಕೇಳುತ್ತೆ. ಬಿಟ್ಟೆ ಅಂದ್ರೆ ತಿರುಗಿ ನನ್ನ ಮಾತು ಕೇಳುತ್ತೆ. ನೀವು ತಪ್ಪು ಮಾಡಿದ್ರೆ ನಾನಿದ್ದೀನಿ."

"ಅಂದ್ರೆ ಕೈಯಿಂದ ಕಿತ್ಕೊಳ್ಳೋ ಅಗತ್ಯ ಇಲ್ಲ," ಎಂದಳು ಫೆನ್ನಾ ಕಹಿಯಾಗಿ.

"ಇಲ್ಲ." ಅವನು ಅವಳನ್ನೇ ನೋಡಿದ. "ಇನ್ನೊಂದು. ಕೊಡೋರು 'ನಿನ್ನ ಕೈಗೆ' ಅನ್ನಬೇಕು. ತಗೊಳ್ಳೋರು 'ನನ್ನ ಕೈಲಿದೆ' ಅನ್ನಬೇಕು. ಆ ಉತ್ತರ ಕಿವಿಗೆ ಬೀಳೋವರೆಗೂ ರಿಮೋಟಿನ ಈ ಕಡ್ಡಿ ಬಿಡೋ ಹಾಗಿಲ್ಲ. ಆಕಾಶವೇ ಬಿದ್ರೂ ಸರಿ!"

ಹೀಗೆ ಕಲಿಯುವವರಿಗೆಂದೇ ಇದ್ದ ಬಿಳಿ ವಿಮಾನದಲ್ಲಿ ಪಾಠ ಶುರುವಾಯಿತು.

ವಿಮಾನ ದೂರ ಹೋಗುವಾಗ ಎಡ ಎಡವೇ. ಅದೇ ತಿರುಗಿ ಅವಳತ್ತ ಬಂದರೆ ಎಡ ಬಲವಾಗುತ್ತಿತ್ತು! ಅವಳು ಕಂಗಾಲಾಗುತ್ತಿದ್ದಳು. "ಬೀಳ್ತಿರೋ ರೆಕ್ಕೆ ಯಾವ ಕಡೆ ಕಾಣುತ್ತೋ ಆ ಕಡೆಗೇ ಕಡ್ಡಿ ತಳ್ಳಿ. ಊರುಗೋಲು ಕೊಟ್ಟ ಹಾಗೆ," ಎನ್ನುತ್ತಿದ್ದ ಗ್ಲೆನ್. ಗಾಳಿಗೆ ಎದುರಾಗಿ ಹೋಗುವಾಗ ವಿಮಾನ ತೆವಳಿದಂತೆ ಕಾಣುತ್ತಿತ್ತು, ಗಾಳಿಯ ಜೊತೆ ತಿರುಗಿದರೆ ಬಾಣದ ಹಾಗೆ ಓಡುತ್ತಿತ್ತು. ಹೆದರಿ ವೇಗ ತಗ್ಗಿಸುತ್ತಿದ್ದಳು.

"ಬೇಡ! ಅದು ವಿಮಾನದ ವೇಗ ಅಲ್ಲ ಫೆನ್ನಾ, ಗಾಳೀದು. ನೀವು ತಗ್ಗಿಸಿದ್ರೆ ಅದು ನಿಂತು ಬಿದ್ದುಹೋಗುತ್ತೆ. ಹೊಸಬರು ವಿಮಾನ ಕಳ್ಕೊಳ್ಳೋದೇ ಈ ಹೆದರಿಕೆಯಿಂದ. ನನ್ನ ಕೈಗೆ ಕೊಡಿ!"

"ನಿಮ್ಮ ಕೈಗೆ!"

"ನನ್ನ ಕೈಲಿದೆ."

ಆ ಮಾತು ಕೇಳಿದಾಗಲೆಲ್ಲ ಅವಳ ಎದೆಬಡಿತ ಹದಕ್ಕೆ ಬರುತ್ತಿತ್ತು.

ಜುಲೈ ಬಂತು. ಜೇಬಿನಲ್ಲಿ ಕೈ ಇಟ್ಟುಕೊಂಡ ಈ ಮನುಷ್ಯನ ದಾರಿ ಕಾಯುವುದು ತನಗೆ ಯಾವಾಗ ಅಭ್ಯಾಸವಾಯಿತೆಂದು ಫೆನ್ನಾಗೇ ಗೊತ್ತಾಗಲಿಲ್ಲ. ಅವನು ನಕ್ಕರೆ ಅವಳಿಗೆ ದಿನವಿಡೀ ಸಾಕಾಗುತ್ತಿತ್ತು. ಆದರೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರೆ, "ಬೇಡ" ಎನ್ನುತ್ತಿದ್ದ. ಪಂಕದ ತಿರುಪು ಬಿಗಿಮಾಡಿ ಎಂದರೆ, "ನೀವೇ ಮಾಡಿ, ಕಲೀರಿ" ಎನ್ನುತ್ತಿದ್ದ. ಕರೆಂಟು ತೆಗೆಯುವ ಗಾಳಿಗಿರಣಿಗಳ ಕಂಬ ಹತ್ತಿ ರಿಪೇರಿ ಮಾಡುತ್ತಿದ್ದ ಕೆಲಸ ಯಾಕೆ ಬಿಟ್ಟಿರಿ ಎಂದರೆ, "ಸಾಕಾಯ್ತು" ಎಂದು ಮುಖ ತಿರುಗಿಸುತ್ತಿದ್ದ.

ಒಮ್ಮೆ ಧೈರ್ಯ ಮಾಡಿ ಅವನ ತೋಳು ಮುಟ್ಟಿದಳು. ಬೆಂಕಿ ತಗುಲಿದಂತೆ ಹಿಂದೆ ಸರಿದ!

'ನನ್ನ ಮೇಲೆ ಇಷ್ಟವೇ ಇಲ್ಲ. ಅಪ್ಪನ ಋಣಕ್ಕೆ ಕಲಿಸುತ್ತಿದ್ದಾನೆ, ಅಷ್ಟೆ...'

ಬರ್ನಿಸ್ ಮಾತ್ರ ಬರ್ಗರ್ ತಿರುವಿಹಾಕುತ್ತಾ ಗೊಣಗಿದಳು. "ಒಬ್ಬಳು ಆಕಾಶ ನೋಡೋದು ಬಿಟ್ಟು ಅವನನ್ನ ನೋಡ್ತಾಳೆ. ಇನ್ನೊಬ್ಬ ಅವಳನ್ನ ನೋಡೋಕಾಗ್ದೆ ಆಕಾಶ ನೋಡ್ತಾನೆ. ಪುಣ್ಯಕ್ಕೆ ವಿಮಾನ ಇನ್ನೂ ಮೇಲಿದೆ!"

ಆಗಸ್ಟಿನಿಂದ ಗ್ಲೆನ್ ಮಾತು ಕಡಿಮೆ ಮಾಡಿದ. ಕೆಂಪು ಟೇಪಿನ ರಿಮೋಟನ್ನು ಪಟ್ಟಿಯಿಂದ ಕೊರಳಿಗೆ ತೂಗಿಸಿಕೊಂಡು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಫೆನ್ನಾ ಎತ್ತುತ್ತಿದ್ದಳು, ತಿರುಗಿಸುತ್ತಿದ್ದಳು, ಇಳಿಸುತ್ತಿದ್ದಳು. ಅವನು ಒಮ್ಮೆಯೂ ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ತಪ್ಪಾದರೆ ಅವನಿದ್ದಾನಲ್ಲ ಎಂಬ ನೆಮ್ಮದಿಯಲ್ಲಿ ಅವಳು ಹೆದರುವುದನ್ನೇ ಮರೆತಳು.

*

ಸೆಪ್ಟೆಂಬರ್ ಮಧ್ಯದ ಒಂದು ಮಧ್ಯಾಹ್ನ ಬೆಟ್ಟಗಳ ಕಡೆಯಿಂದ ಬಿಸಿಗಾಳಿ ನುಗ್ಗಿತು. ಕಲಿಕೆಯ ಬಿಳಿ ವಿಮಾನ ತಿರುವು ತೆಗೆದುಕೊಂಡು ಗಾಳಿಯ ಜೊತೆ ಓಡಿತು. ಎಂದೂ ಕಾಣದ ವೇಗ!

ಫೆನ್ನಾ ಬೆದರಿದಳು. ಬೆರಳು ತಾನಾಗಿ ವೇಗ ತಗ್ಗಿಸಿತು. ಅದೇ ಹಳೆಯ ತಪ್ಪು!

ವಿಮಾನ ಗಾಳಿಯಲ್ಲೇ ಒಂದು ಗಳಿಗೆ ನಿಂತ ಹಾಗಾಯಿತು. ಮೂಗು ಕೆಳಗೆ ವಾಲಿತು.

"ನಿಮ್ಮ ಕೈಗೆ!"

ಉತ್ತರವಿಲ್ಲ.

"ಗ್ಲೆನ್! ನಿಮ್ಮ ಕೈಗೆ! ನಿಮ್ಮ ಕೈಗೆ!"

ಉತ್ತರಕ್ಕೆ ಕಾಯದೆ ಅವಳು ಕಡ್ಡಿ ಬಿಟ್ಟಳು. ಕೊಯ್ದ ಬಾರ್ಲಿಯ ಕೂಳೆಯ ಮೇಲೆ ವಿಮಾನ ತಲೆಕೆಳಗಾಗಿ ಅಪ್ಪಳಿಸಿತು. ಸದ್ದು ಗಾಳಿಯನ್ನೂ ಮೀರಿ ಕೇಳಿಸಿತು.

ಗ್ಲೆನ್ ಕಲ್ಲಿನಂತೆ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಕೂಗಿದ್ದು ಕೇಳಿಸ್ಲಿಲ್ವಾ? ಯಾಕೆ ತಗೊಳ್ಳಲಿಲ್ಲ?"

"ನನ್ನ ಕೈಲಿ ಇರ್ಲಿಲ್ಲ ಫೆನ್ನಾ..."

"ನನ್ನ ಕೈಲಿ ಇರ್ಲಿಲ್ಲ! ಚೆನ್ನಾಗಿದೆ! ತಪ್ಪು ಮಾಡ್ದೋರೆಲ್ಲ ಹೇಳೋದೇ ಅದು!" ಅವಳ ದನಿ ಒಡೆಯಿತು. "ನೀವಿದ್ದೀರಿ ಅಂತ ನಂಬಿದ್ದೆ. ನಮ್ಮಪ್ಪ ಕಿತ್ಕೊಂಡ, ನೀವು ಬೀಳೋದು ನೋಡ್ತಾ ನಿಂತ್ರಿ. ಅಪ್ಪನೇ ವಾಸಿ!"

ಅವಳು ಎರಡೂ ರಿಮೋಟ್ ಕಿತ್ತುಕೊಂಡು, ಮುರಿದ ರೆಕ್ಕೆಗಳನ್ನು ಕಾರಿಗೆ ತುಂಬಿ ಹೊರಟುಹೋದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ಅವಳ ಸಿಟ್ಟು. ಒಂದು ವಾರ ಅತ್ತದ್ದು ಅವಳೇ.

*

ಅಪ್ಪನ ಷೆಡ್ಡಿನಲ್ಲಿ ಹಳದಿ ವಿಮಾನ ಮೊಳೆಗೆ ನೇತಾಡುತ್ತಿತ್ತು. ಎಲ್ಲವನ್ನೂ ಕ್ಲಬ್ಬಿಗೆ ಕೊಟ್ಟು ಊರು ಬಿಡುವುದೆಂದು ಫೆನ್ನಾ ತೀರ್ಮಾನಿಸಿದ್ದಳು. ಬೂದಿಯನ್ನು ಬರ್ನಿಸ್ ಹಾರಿಸಲಿ.

ರಿಮೋಟುಗಳನ್ನು ಎತ್ತಿಡುವ ಮುಂಚೆ ಬ್ಯಾಟರಿ ತೆಗೆಯಬೇಕಲ್ಲ. ಚಾರ್ಜು ಮಾಡುವುದು ಯಾವಾಗಲೂ ಗ್ಲೆನ್ ಕೆಲಸವಾಗಿದ್ದರಿಂದ ಅವಳು ಅವುಗಳ ಬೆನ್ನು ನೋಡಿದವಳೇ ಅಲ್ಲ. ಕೆಂಪು ಟೇಪಿನದರ ಮುಚ್ಚಳ ಜಾರಿಸಿದಳು.

ಒಳಗೆ ಅಪ್ಪನ ಅಕ್ಷರ! ಮಾಸಿದ ಕಪ್ಪು ಶಾಯಿಯಲ್ಲಿ: "ಫೆನ್ನಾ. ಹದಿನೇಳನೇ ಹುಟ್ಟುಹಬ್ಬಕ್ಕೆ."

ಅವಳು ಸ್ಟೂಲಿನ ಮೇಲೆ ಕುಸಿದಳು. ಕಿತ್ತುಕೊಂಡ ಮರುವರ್ಷ... ಇನ್ನೆಂದೂ ಕಿತ್ತುಕೊಳ್ಳಬಾರದೆಂದು ಅಪ್ಪ ಈ ಜೋಡಿಯನ್ನೂ ವೈರನ್ನೂ ತಂದಿಟ್ಟಿದ್ದ. ಆ ಹುಟ್ಟುಹಬ್ಬಕ್ಕೆ ಅವಳು ಮೈದಾನಕ್ಕೆ ಬರುವುದಿಲ್ಲವೆಂದು ಬಾಗಿಲು ಹಾಕಿಕೊಂಡಿದ್ದಳು. ಅವನೂ ಬಾಯಿ ಬಿಟ್ಟು ಹೇಳಲಿಲ್ಲ.

"ಅಪ್ಪಾ... ಒಂದು ಮಾತು ಹೇಳಬಾರದಿತ್ತಾ?"

ಅತ್ತು ಅತ್ತು ಸುಸ್ತಾದ ಮೇಲೆ ಇನ್ನೊಂದು ಯೋಚನೆ ಹೊಳೆಯಿತು. ಕೆಂಪು ಟೇಪಿನದು ಗುರುವಿನದಲ್ಲವೇ? ಅದರಲ್ಲಿ ತನ್ನ ಹೆಸರು ಹೇಗೆ?

ತಾನು ಹಿಡಿಯುತ್ತಿದ್ದ ರಿಮೋಟಿನ ಮುಚ್ಚಳ ತೆಗೆದಳು. ಅಲ್ಲಿ ಬರೆದಿದ್ದದ್ದು: "ಗೆರಿಟ್." ತಿರುಗಿಸಿ ನೋಡಿದರೆ ಹಿಡಿಯ ಪಕ್ಕದಲ್ಲಿ ಹಳೆಯ ಟೇಪು ಕಿತ್ತ ಅಂಟಿನ ಗುರುತು, ಧೂಳು ಹಿಡಿದು ಕಪ್ಪಾಗಿತ್ತು. ಇನ್ನೊಂದರ ಟೇಪು ಮಾತ್ರ ಹೊಚ್ಚ ಹೊಸದು.

ಯಾರೋ ಟೇಪು ಬದಲಾಯಿಸಿದ್ದರು. ಗುರುವಿನ ರಿಮೋಟ್ ಇದ್ದದ್ದು ಅವಳ ಕೈಯಲ್ಲಿ! ಗ್ಲೆನ್ ಹಿಡಿದು ನಿಂತಿದ್ದು ಶಿಷ್ಯನದು. ಅದರಲ್ಲಿ ಅವನು ಎಷ್ಟು ಕಡ್ಡಿ ಅಲ್ಲಾಡಿಸಿದರೂ ವಿಮಾನ ಅಲುಗುತ್ತಿರಲಿಲ್ಲ.

'ನನ್ನ ಕೈಲಿ ಇರ್ಲಿಲ್ಲ ಫೆನ್ನಾ...'

ಅದು ನೆಪವಲ್ಲ. ಅಕ್ಷರಶಃ ನಿಜ.

*

ಅವನು ಮೈದಾನದ ಅಂಚಿನಲ್ಲಿ ತನ್ನ ಟ್ರಕ್ಕಿನೊಳಗೆ ಕೂತು ಗಾಳಿಚೀಲ ನೋಡುತ್ತಿದ್ದ. ಫೆನ್ನಾ ಎರಡೂ ರಿಮೋಟುಗಳನ್ನು ಬಾನೆಟ್ಟಿನ ಮೇಲಿಟ್ಟಳು. ಅವನಿಗೆ ಅರ್ಥವಾಯಿತು. ನಿಧಾನವಾಗಿ ಕೆಳಗಿಳಿದ.

"ಯಾವಾಗಿಂದ?"

"ಜುಲೈ ಕೊನೆಯಿಂದ."

"ಯಾಕೆ?"

ಗ್ಲೆನ್ ಜೇಬಿನಿಂದ ಕೈಗಳನ್ನು ತೆಗೆದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ಅವನ್ನು ಬರಿದಾಗಿ ನೋಡಿದಳು. ಬಲಗೈ ತನ್ನ ಪಾಡಿಗೆ ನಡುಗುತ್ತಿತ್ತು. ಅವನು ಎಡಗೈಯಿಂದ ಅದನ್ನು ಹಿಡಿದುಕೊಂಡ. ಆಗ ಎರಡೂ ನಡುಗಿದವು.

"ಪಾರ್ಕಿನ್ಸನ್. ಈ ವಯಸ್ಸಿಗೂ ಬರುತ್ತಂತೆ. ನಿಮ್ಮಪ್ಪನಿಗೆ ಒಬ್ಬರಿಗೇ ಗೊತ್ತಿತ್ತು. ಜುಲೈಲಿ ಒಂದ್ಸಲ ವಿಮಾನ ನನ್ನ ಕೈಗೆ ತಗೊಂಡೆನಲ್ಲ, ಹೆಬ್ಬೆರಳು ಅದುರಿ ನಾನೇ ಅದನ್ನ ನೆಲಕ್ಕೆ ಬಡೀತಿದ್ದೆ. ನಿಮಗೆ ಗೊತ್ತಾಗ್ಲಿಲ್ಲ. ಆಮೇಲೆ ಟೇಪು ಬದಲಾಯಿಸ್ದೆ. ನನ್ನ ಕೈಗಿಂತ ನಿಮ್ಮ ಕೈ ನಂಬೋದು ವಾಸಿ ಅನ್ನಿಸ್ತು."

ಅವತ್ತು ಚರ್ಚಿನ ಬಾಗಿಲು... ಕುಡಿಯದ ಕಾಫಿ... ಮುಟ್ಟದ ತಿರುಪು... ಎಲ್ಲವೂ ಸಾಲಾಗಿ ಅವಳ ಕಣ್ಣೆದುರು ಬಂದವು. ಫೆನ್ನಾಗೆ ತನ್ನ ಮೇಲೇ ನಾಚಿಕೆಯಾಯಿತು.

"ಹಾಗಾದ್ರೆ ಇಷ್ಟು ದಿನ ನನ್ನ ಹಿಂದೆ ಯಾರೂ ಇರ್ಲಿಲ್ವಾ?"

"ಇದ್ದೆ. ಆದ್ರೆ ಬರೀ ಇದ್ದೆ." ಅವನು ಮೈದಾನದತ್ತ ತೋರಿಸಿದ. "ಇಲ್ಲಿಂದ ಎತ್ತಿದ್ದು ನೀವು, ಅಲ್ಲಿ ತಿರುಗಿಸಿದ್ದು ನೀವು, ಇಳಿಸಿದ್ದೂ ನೀವೇ. ಏಳು ವಾರ ಒಬ್ಬರೇ ಹಾರಿಸಿದ್ದೀರಿ ಫೆನ್ನಾ."

"ಹೇಳಬಾರದಿತ್ತಾ?"

"ಹೇಳಿದ್ರೆ ಬರ್ನಿಸ್ ಬೇರೆ ಗುರೂನ ಹಾಕ್ತಿದ್ಲು. ನೀವು ಇಲ್ಲಿಗೆ ಬರ್ತಿದ್ರಿ, ನಾನು ಬರೋಕೆ ಕಾರಣ ಇರ್ತಿರಲಿಲ್ಲ... ತಪ್ಪು ನಂದು. ಸ್ವಾರ್ಥ. ಆ ವಿಮಾನ ಬೀಳುವಾಗ ಈ ಕಡ್ಡೀನ ಸುಮ್ನೆ ಎಳೀತಾ ಇದ್ದೆ. ಏನೂ ಆಗಲ್ಲ ಅಂತ ಗೊತ್ತಿದ್ರೂ ಎಳೀತಾ ಇದ್ದೆ!"

ಫೆನ್ನಾಗೆ ಅವನನ್ನು ಬಯ್ಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಮಾಡದೆ ಅತ್ತಳು. ಮಾತಾಡಬೇಕಾದಾಗ ಮಾತಾಡದ ಗಂಡಸರ ನಡುವೆಯೇ ತನ್ನ ಆಯಸ್ಸು ಕಳೆಯಿತಲ್ಲ ಎಂದು ಅತ್ತಳು. ಅಪ್ಪನನ್ನಂತೂ ಇನ್ನು ಕೇಳುವ ಹಾಗಿರಲಿಲ್ಲ.

"ಥ್ಯಾಂಕ್ಸ್‌ಗಿವಿಂಗ್ ಶನಿವಾರ ಬರ್ತೀರಾ?" ಎಂದಳು ಮೂಗೊರೆಸಿಕೊಳ್ಳುತ್ತಾ.

"ನಾನು ಬಂದು ಏನು ಪ್ರಯೋಜನ?"

"ಬರೀ ಇರೋದಕ್ಕೆ."

*

ಥ್ಯಾಂಕ್ಸ್‌ಗಿವಿಂಗ್ ಶನಿವಾರ ಗಾಳಿ ಅಪ್ಪ ಹೇಳಿ ಕಳಿಸಿದ ಹಾಗೆ ಬೀಸುತ್ತಿತ್ತು. ನೂರು ಕಿಲೋಮೀಟರ್ ದೂರದ ಬೆಟ್ಟಗಳ ಮೇಲೆ ಹೊಸ ಹಿಮ. ಕ್ಲಬ್ಬಿನವರು ಟೋಪಿ ತೆಗೆದು ಸಾಲಾಗಿ ನಿಂತರು.

ಹಳದಿ ವಿಮಾನದ ಹೊಟ್ಟೆಯಡಿ ಪುಟ್ಟ ಬಾಗಿಲಿನ ಡಬ್ಬಿ, ಅದರಲ್ಲಿ ಗೆರಿಟ್. ಬರ್ನಿಸ್ ಕಣ್ಣೊರೆಸಿಕೊಂಡಳು.

"ಗಾಳಿಯ ಎದುರು ದಿಕ್ಕಿಗೆ ಹೋಗಿ ಬಿಡಬೇಡ ಹುಡುಗಿ, ಅಷ್ಟೂ ನಮ್ಮ ಬರ್ಗರ್ ಮೇಲೆ ಬೀಳುತ್ತೆ. ಬದುಕಿದ್ದಾಗ ಅವನು ನನ್ನ ಅಡುಗೆಗೆ ಹೆಸರಿಟ್ಟಿದ್ದು ಸಾಕು!"

ಎಲ್ಲರೂ ನಕ್ಕರು. ನಗುತ್ತಲೇ ಕೆಲವರು ಅತ್ತರು.

ಇವತ್ತು ವೈರಿಲ್ಲ, ಟೇಪಿಲ್ಲ. ಅಪ್ಪನ ಹೆಸರಿನ ರಿಮೋಟ್ ಒಂದೇ. ಗ್ಲೆನ್ ಅವಳ ಹಿಂದೆ, ಒಂದು ಹೆಜ್ಜೆ ದೂರದಲ್ಲಿ ನಿಂತ. ಕೈಗಳು ಜೇಬಿನಲ್ಲಿರಲಿಲ್ಲ. ನೋಡಿದವರು ನೋಡಿದರು, ಯಾರೂ ಏನೂ ಅನ್ನಲಿಲ್ಲ.

ವಿಮಾನ ಗಾಳಿಗೆ ಎದುರಾಗಿ ಓಡಿ ಎದ್ದಿತು. ಓಲಾಡಿತು. ಫೆನ್ನಾಳ ಕಿವಿಯಲ್ಲಿ ಹದಿನೇಳು ವರ್ಷದ ಹಿಂದಿನ ಕೂಗು ಕೇಳಿಸಿತು. ಆದರೆ ಈ ಸಲ ಯಾವ ಕೈಯೂ ಚಾಚಿ ಬರಲಿಲ್ಲ. ಅವಳೇ ರೆಕ್ಕೆ ಸರಿಮಾಡಿದಳು.

ತಿರುವು ಬಂತು. ವಿಮಾನ ಗಾಳಿಯ ಜೊತೆ ಹಾರಿಹೋಗುವ ಹಾಗೆ ಓಡಿತು. ಬೆರಳು ಬೆವರಿತು.

"ಅದು ಗಾಳಿಯ ವೇಗ," ಎಂದ ಗ್ಲೆನ್ ಮೆಲ್ಲಗೆ.

"ಗೊತ್ತು."

ಅವಳು ವೇಗ ತಗ್ಗಿಸಲಿಲ್ಲ. ಜನರನ್ನು ದಾಟಿ, ಹೊಲದ ಮೇಲೆ ಬಂದಾಗ ಗುಂಡಿ ಒತ್ತಿದಳು. ಹಳದಿ ಹೊಟ್ಟೆಯಿಂದ ಬೂದುಬಣ್ಣದ ಸಣ್ಣ ಎಳೆ ಹೊರಟು, ಉದ್ದವಾಗಿ, ಬಾರ್ಲಿಯ ಕೂಳೆಯ ಮೇಲೆ ಹರಡಿತು. ನೋಡುತ್ತಿದ್ದ ಹಾಗೇ ಏನೂ ಇರಲಿಲ್ಲ.

"ಹೋಗಿ ಬಾ ಅಪ್ಪಾ..."

ಇಳಿಸುವಾಗ ಕಣ್ಣು ಮಂಜಾಗಿತ್ತು. ವಿಮಾನ ಎರಡು ಸಲ ಪುಟಿದು, ಓಡಿ, ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆ ಹೊತ್ತಿಗೆ ಅದು ಸಲ್ಲುವುದಿಲ್ಲ. ಬರ್ನಿಸ್ ಬಂದು ಅವಳ ಬೆನ್ನು ಸವರಿ, ಎಲ್ಲರನ್ನೂ ಊಟಕ್ಕೆ ಹೊರಡಿಸಿಕೊಂಡು ಹೋದಳು.

ಇಬ್ಬರೇ ಉಳಿದರು.

"ಸೋಮವಾರ ವಿನಿಪೆಗ್‌ಗೆ ಹೊರಡ್ತೀರಿ," ಎಂದ ಗ್ಲೆನ್.

"ಹೋಗಿ ರಾಜೀನಾಮೆ ಕೊಟ್ಟು ಬರ್ತೀನಿ."

"ಫೆನ್ನಾ, ಬೇಡ. ಇದು ನಿಲ್ಲೋದಲ್ಲ. ಹೆಚ್ಚಾಗುತ್ತೆ. ನಾಳೆ ಅಂಗಿ ಗುಂಡಿ ಹಾಕೋಕಾಗಲ್ಲ, ನಾಡಿದ್ದು ಚಮಚ ಹಿಡಿಯೋಕಾಗಲ್ಲ..."

"ಗಾಳಿ ನಿಲ್ಲಲಿ ಅಂತ ಕಾದಿದ್ರೆ ನಮ್ಮೂರಲ್ಲಿ ಯಾರಾದ್ರೂ ಏನಾದ್ರೂ ಹಾರಿಸ್ತಿದ್ರಾ?" ಅವಳು ರಿಮೋಟನ್ನು ಹುಲ್ಲಿನ ಮೇಲಿಟ್ಟು ಅವನ ಎದುರು ನಿಂತಳು. "ಚರ್ಚಿನ ಬಾಗಿಲಲ್ಲಿ ನಾನು ಕೈ ಚಾಚಿದ್ದೆ. ನೀನು ಕೊಡಲಿಲ್ಲ. ಇವತ್ತೂ ಚಾಚಿದ್ದೀನಿ ನೋಡು."

'ನೀನು' ಎಂದದ್ದು ಅವಳ ಗಮನಕ್ಕೆ ಬರಲಿಲ್ಲ. ಅವನ ಗಮನಕ್ಕೆ ಬಂತು.

"ನಿನ್ನನ್ನ ಇಷ್ಟಪಡ್ತೀನಿ ಅಂತ ಹೇಳೋಕೂ ಹೆದರಿಕೆ ನನಗೆ," ಎಂದ. "ನಿನಗೆ ಏನು ಉಳಿಯುತ್ತೆ ಫೆನ್ನಾ?"

"ಅದು ನಾನು ನೋಡ್ಕೋತೀನಿ. ಕಲಿಸಿದ್ದು ನೀನೇ ಅಲ್ವಾ, ಕೊಡೋರು ಏನೋ ಅನ್ನಬೇಕು ಅಂತ?"

ಗಾಳಿ ಇಬ್ಬರ ನಡುವೆ ಬೀಸಿ ಹೋಯಿತು. ಗ್ಲೆನ್ ನಡುಗುವ ಬಲಗೈ ಎತ್ತಿದ. ಅರ್ಧಕ್ಕೆ ನಿಲ್ಲಿಸಿದ. ಮತ್ತೆ ಎತ್ತಿದ.

"ನಿನ್ನ ಕೈಗೆ..."

ಫೆನ್ನಾ ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಳು. ನಡುಕ ನಿಲ್ಲಲಿಲ್ಲ. ಅವಳೂ ಬಿಡಲಿಲ್ಲ.

"ನನ್ನ ಕೈಲಿದೆ."